‘ಗುಣ’: ಸ್ವಭಾವವೋ, ವಾಸಿಯಾಗುವುದೋ?

ಮಾನ್ಯರೇ,

ಮಾನಸಿಕ ಕಾಯಿಲೆಗಳ ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿರುವ ಪಾಠವೊಂದರಲ್ಲಿ ‘ಗುಣ’ ಎಂಬ ಪದವೇ ನನಗೆ ತೊಡಕಾಗಿದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುವಾಗ ಗುಣವೆಂದರೆ ಬದಲಾಗದ ಸ್ವಭಾವ. ‘ಜ್ವರ ಗುಣವಾಯಿತು’ ಎನ್ನುವಾಗ ಅದು ಬದಲಾವಣೆಯೇ. ಸಣ್ಣದಕ್ಕೂ ಕಳವಳಗೊಳ್ಳುವ, ಮನೋವಿಜ್ಞಾನಿ ಐಸೆಂಕ್ ಅವರು ನ್ಯೂರಾಟಿಸಿಸಂ ಎಂದು ಕರೆದ ಸ್ವಭಾವವು ಖಿನ್ನತೆಯ ಅಪಾಯವನ್ನು ಹೆಚ್ಚಿಸುತ್ತದೆ. ಇದನ್ನು ವಿವರಿಸಹೊರಟು ‘ಈ ಗುಣವುಳ್ಳವರ ಖಿನ್ನತೆ ಗುಣವಾಗುವ ಬಗೆ’ ಎಂದು ಬರೆದರೆ ಓದುಗರು ಎಡವುವುದು ಖಂಡಿತ. ಮೊದಲನೆಯದಕ್ಕೆ ‘ಸ್ವಭಾವಲಕ್ಷಣ’ ಎಂದಿಟ್ಟುಕೊಂಡಿದ್ದೇನೆ.

ಎರಡನೆಯದು ಅಷ್ಟು ಸುಲಭವಲ್ಲ. ಖಿನ್ನತೆಯ ಔಷಧಗಳನ್ನು ಪರೀಕ್ಷಿಸುವಾಗ ಖಿನ್ನತೆಯ ತೀವ್ರತೆಯನ್ನು ಅಳೆಯುವ 17 ಅಂಶಗಳ ಹ್ಯಾಮಿಲ್ಟನ್ ಮಾಪಕದಲ್ಲಿ ಅಂಕ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ ಒಂದು ಹೆಸರು (ಇಂಗ್ಲಿಷಿನಲ್ಲಿ ‘ರೆಸ್ಪಾನ್ಸ್’), 7 ಅಥವಾ ಅದಕ್ಕಿಂತ ಕಡಿಮೆಯಾದರೆ ಇನ್ನೊಂದು ಹೆಸರು (‘ರೆಮಿಷನ್’). 24ರಿಂದ 12ಕ್ಕೆ ಇಳಿದವರು ಚಿಕಿತ್ಸೆಗೆ ಸ್ಪಂದಿಸಿದ್ದಾರೆ, ಆದರೆ ಕಾಯಿಲೆಯ ಲಕ್ಷಣಗಳು ಇನ್ನೂ ಉಳಿದಿವೆ. ಇವರನ್ನೂ 7ಕ್ಕೆ ಇಳಿದವರನ್ನೂ ಒಂದೇ ಸಮನೆ ‘ಗುಣಮುಖರು’ ಎಂದರೆ ಔಷಧದ ಫಲವನ್ನು ಉಬ್ಬಿಸಿ ಹೇಳಿದಂತಾಗುತ್ತದೆ. ಮೊದಲ ಹಂತಕ್ಕೆ ‘ಸ್ಪಂದನ’ ಸಾಕು. ಎರಡನೆಯದಕ್ಕೆ ಕೆಲವರು ಬಳಸುವ ‘ಉಪಶಮನ’ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ನೋವು ಕೊಂಚ ತಗ್ಗಿದರೂ ಉಪಶಮನವೆನ್ನುವುದು ನಮ್ಮ ರೂಢಿ. ‘ಲಕ್ಷಣಮುಕ್ತಿ’ ಆದೀತೇ? ಮತ್ತೆ ದುಡಿಮೆಗೆ, ಸಂಸಾರಕ್ಕೆ ಮರಳುವ ದೀರ್ಘಕಾಲದ ಸ್ಥಿತಿಗೆ ‘ಚೇತರಿಕೆ’ಯನ್ನು ಕಾಯ್ದಿರಿಸಬೇಕೆಂದಿದ್ದೇನೆ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಪದ ‘ವಂಶಪಾರಂಪರ್ಯ’. ಅವಳಿಗಳ ಅಧ್ಯಯನಗಳು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ಸುಮಾರು 80 ಪ್ರತಿಶತ ಎಂದು ಕೊಡುವ ಅಂಕಿ, ಒಂದು ಜನಸಮುದಾಯದೊಳಗೆ ಆ ಕಾಯಿಲೆಗೆ ಒಳಗಾಗುವ ಸಂಭವದಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ವಂಶವಾಹಿಗಳ ಪಾಲೆಷ್ಟು ಎಂಬುದರ ಅಂದಾಜು. ‘80 ಪ್ರತಿಶತ ವಂಶಪಾರಂಪರ್ಯ’ ಎಂದು ಬರೆದೊಡನೆ, ಹೆಣ್ಣು ಗಂಡು ನೋಡುವ ಮಾತುಕತೆಯಲ್ಲಿ ಕುಟುಂಬದ ಕಾಯಿಲೆಯನ್ನು ಕೆದಕುವ ನಮ್ಮಲ್ಲಿ, ನೂರು ಮಕ್ಕಳಲ್ಲಿ ಎಂಬತ್ತು ಮಕ್ಕಳಿಗೆ ಬರುತ್ತದೆಂಬ ಅರ್ಥವೇ ಉಳಿಯುತ್ತದೆ. ವಾಸ್ತವದಲ್ಲಿ ತಂದೆ ಅಥವಾ ತಾಯಿಗೆ ಈ ಕಾಯಿಲೆಯಿದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಹತ್ತರ ಆಸುಪಾಸು. ತದ್ರೂಪಿ ಅವಳಿಗಳಲ್ಲಿಯೂ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಂಭವ ನೂರಕ್ಕೆ ಐವತ್ತರಷ್ಟು, ಕೆಲವು ಅಧ್ಯಯನಗಳ ಪ್ರಕಾರ ಅದಕ್ಕಿಂತಲೂ ಕಡಿಮೆ. ಆ ಅಂಕಿಗೆ ‘ಆನುವಂಶಿಕ ಪಾಲು’ ಎಂದೂ ಮಗುವಿನ ಸಂಭವಕ್ಕೆ ‘ಕೌಟುಂಬಿಕ ಅಪಾಯ’ ಎಂದೂ ಬೇರ್ಪಡಿಸಿದ್ದೇನೆ. ‘ಪಾಲು’ ಎಂದೊಡನೆ ಆಸ್ತಿ ಹಂಚಿಕೆ ನೆನಪಾಗುವುದೇನೋ ನಿಜ.

ರೋಗಿಗಳ ಮನೆಯವರೊಡನೆ ಕನ್ನಡದಲ್ಲೇ ಮಾತನಾಡುವ ವೈದ್ಯರೂ ಆಪ್ತಸಮಾಲೋಚಕರೂ ಈ ಎರಡು ಕಡೆ ಯಾವ ಪದಗಳನ್ನು ಬಳಸುತ್ತಾರೆಂದು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.