ಮಾರಾಟಕ್ಕಿರುವ ಡೊಮೈನ್ ಹೆಸರನ್ನು ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಮಾಡುವಾಗ ಪಾಲಿಸಬೇಕಾದ ಮರ್ಯಾದೆ ಏನು?

ಪ್ರಶ್ನೆ: ದಾವಣಗೆರೆ ಹೊಸಬ

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಡೊಮೈನ್ ಹೆಸರುಗಳನ್ನು, ಅಂದರೆ ವೆಬ್‌ಸೈಟ್ ವಿಳಾಸಗಳನ್ನು, ಕೊಂಡು ಮಾರುವ ಕೆಲಸ ಮಾಡುತ್ತಿದ್ದೇನೆ. ಈಗ ನನ್ನ ಬಳಿ ಸುಮಾರು 40 ಹೆಸರುಗಳಿವೆ. ಹೆಚ್ಚಿನವು ಅಡಿಕೆ, ಸಿರಿಧಾನ್ಯ, ಹೋಮ್‌ಸ್ಟೇ ಮುಂತಾದ ಪದಗಳಿರುವ ಡಾಟ್ ಇನ್ ಮತ್ತು ಡಾಟ್ ಕಾಮ್ ಹೆಸರುಗಳು. ಮಾರಾಟ ತಾಣಗಳಲ್ಲಿ ಹಾಕಿಟ್ಟರೆ ಕೇಳುವವರೇ ಇಲ್ಲದ ಕಾರಣ ಫೇಸ್‌ಬುಕ್, ಲಿಂಕ್ಡ್‌ಇನ್, ಎಕ್ಸ್‌ಗಳಲ್ಲಿ ಪ್ರಚಾರ ಆರಂಭಿಸಿದೆ.

ಕಳೆದ ತಿಂಗಳು ಉದ್ಯಮಿಗಳ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನ್ನ ಪಟ್ಟಿಯನ್ನು ಒಂದೇ ವಾರದಲ್ಲಿ ಮೂರು ಸಲ ಹಾಕಿದ್ದಕ್ಕೆ ಅಡ್ಮಿನ್ ಒಂದು ಮಾತೂ ಹೇಳದೆ ನನ್ನನ್ನು ತೆಗೆದುಹಾಕಿದರು. ಅದು ಹೋಗಲಿ ಎಂದರೆ, ಒಂದು ಮಸಾಲೆ ಪುಡಿ ಕಂಪನಿಯ ಹೆಸರಿಗೆ 'ಆನ್‌ಲೈನ್' ಎಂದು ಸೇರಿಸಿದ ಡಾಟ್ ಕಾಮ್ ಹೆಸರೊಂದು ನನ್ನಲ್ಲಿತ್ತು. ಅವರನ್ನೇ ಟ್ಯಾಗ್ ಮಾಡಿ, 'ಇದು ನಿಮಗೆ ಬೇಕಾಗಬಹುದು, ₹60,000' ಎಂದು ಎಕ್ಸ್‌ನಲ್ಲಿ ಬರೆದೆ. ಮರುದಿನವೇ ಅವರ ಕಾನೂನು ವಿಭಾಗದಿಂದ ಇಮೇಲ್ ಬಂದಿತು. ನಾನು ಯಾರಿಗೂ ಮೋಸ ಮಾಡಿಲ್ಲ. ಬೆಲೆ ಹಾಕಬೇಕೇ, ಎಷ್ಟು ದಿನಕ್ಕೊಮ್ಮೆ ಹಾಕಬಹುದು, ಯಾರನ್ನು ಟ್ಯಾಗ್ ಮಾಡಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಹಳೇ ಕೈ

ಮೊದಲು ಆ ಟ್ಯಾಗ್ ಮಾಡಿದ ಪೋಸ್ಟ್ ಅಳಿಸಿಹಾಕಿ. ಇನ್ನು ಉಳಿದದ್ದು. ನಿಮ್ಮ ಸ್ವಂತ ಗೋಡೆಯ ಮೇಲೆ ನೀವು ದಿನಕ್ಕೊಂದು ಹೆಸರು ಹಾಕಿದರೂ ಯಾರೂ ಕೇಳುವುದಿಲ್ಲ. ಬೇಡದವರು ಅನ್‌ಫಾಲೋ ಮಾಡುತ್ತಾರೆ ಅಷ್ಟೆ. ಗುಂಪು ಮಾತ್ರ ಇನ್ನೊಬ್ಬರ ಜಗಲಿ. ಅಲ್ಲಿ ನಿಯಮವನ್ನು ಓದಿ, ಬರೆದಿರದಿದ್ದರೆ ಅಡ್ಮಿನ್ ಅವರನ್ನು ಒಂದು ಮಾತು ಕೇಳಿ, ಮಾರಾಟಕ್ಕೆಂದು ದಿನ ಗೊತ್ತುಮಾಡಿದ್ದರೆ ಆ ದಿನ ಮಾತ್ರ ಹಾಕಬೇಕು. ಪಟ್ಟಿಯನ್ನಂತೂ ಹಾಕಲೇಬೇಡಿ: 12 ಹೆಸರುಗಳನ್ನು ಒಟ್ಟಿಗೆ ಸುರಿದರೆ ಹಳೇ ಸಾಮಾನಿನ ಗಾಡಿ ಬಂದಂತೆ ಕಾಣುತ್ತದೆಯೇ ಹೊರತು ಒಂದು ಹೆಸರೂ ಓದುಗರ ಕಣ್ಣಿಗೆ ನಿಲ್ಲುವುದಿಲ್ಲ.

ಹೊಸಬರು ಮಾಡುವ ಇನ್ನೊಂದು ತಪ್ಪಿದೆ. ಹೆಸರು ತಮ್ಮದೇ ಎಂದು ತೋರಿಸಲು ರಿಜಿಸ್ಟ್ರಾರ್ (ಹೆಸರು ನೋಂದಾಯಿಸುವ ಕಂಪನಿ) ಖಾತೆಯ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಅದರ ಮೂಲೆಯಲ್ಲಿ ಇಮೇಲ್ ವಿಳಾಸವೂ ಕೆಲವೊಮ್ಮೆ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಲು ಬೇಕಾದ ಗುಪ್ತ ಸಂಕೇತ, ಆತ್ ಕೋಡ್ ಕೂಡ ಕಾಣುತ್ತಿರುತ್ತದೆ. ಅದು ಮನೆಯ ಬೀಗದ ಕೈಯ ಫೋಟೋ ಹಾಕಿದಂತೆ.

ಉತ್ತರ 2: ಕಟಕಟೆ

ಅಳಿಸಬಾರದೆಂದು ನಾನು ಹೇಳುವುದಿಲ್ಲ, ಆದರೆ ಅಳಿಸಿದರೆ ಮುಗಿಯಿತೆಂದು ಭಾವಿಸಬೇಡಿ. ಕಾನೂನು ವಿಭಾಗದವರು ಇಮೇಲ್ ಬರೆಯುವ ಮುನ್ನವೇ ಪ್ರತಿ ತೆಗೆದಿಟ್ಟುಕೊಂಡಿರುತ್ತಾರೆ. ಇಲ್ಲಿ ನಿಮ್ಮ ಪ್ರಶ್ನೆ ಮರ್ಯಾದೆಯನ್ನು ದಾಟಿ ಕಾನೂನಿಗೆ ಹೋಗಿದೆ. ಡಾಟ್ ಕಾಮ್ ಹೆಸರುಗಳಿಗೆ 1999ರಲ್ಲಿ ಐಕಾನ್ (ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ) ಒಪ್ಪಿದ ಯುಡಿಆರ್‌ಪಿ ಎಂಬ ವಿವಾದ ನೀತಿ ಅನ್ವಯಿಸುತ್ತದೆ. ಟ್ರೇಡ್‌ಮಾರ್ಕ್ ಉಳ್ಳವರಿಗೋ ಅವರ ಪ್ರತಿಸ್ಪರ್ಧಿಗೋ, ಕೈಯಿಂದ ಆದ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರುವುದನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡು ಹೆಸರನ್ನು ನೋಂದಾಯಿಸಿದ್ದರೆ ಅದು ದುರುದ್ದೇಶಕ್ಕೆ ಪುರಾವೆ ಎಂದು ಆ ನೀತಿಯಲ್ಲೇ ಬರೆದಿದೆ. ಸುಮಾರು ಸಾವಿರ ರೂಪಾಯಿಗೆ ಕೊಂಡ ಹೆಸರಿಗೆ ₹60,000 ಎಂದು ಬರೆದು ಅದೇ ಕಂಪನಿಯನ್ನು ಟ್ಯಾಗ್ ಮಾಡಿದಾಗ, ಅವರು ಹುಡುಕಬೇಕಾದ ಪುರಾವೆಯನ್ನು ನೀವೇ ಅವರ ಬಾಗಿಲಿಗೆ ಒಯ್ದಂತಾಯಿತು. ಡಾಟ್ ಇನ್‌ಗೆ ಅನ್ವಯಿಸುವ ಐಎನ್‌ಡಿಆರ್‌ಪಿ ಎಂಬ ವಿವಾದ ನೀತಿ ಇನ್ನೂ ಬಿಗಿ: ಯುಡಿಆರ್‌ಪಿಯಲ್ಲಿ ನೋಂದಣಿಯೂ ಬಳಕೆಯೂ ಎರಡೂ ದುರುದ್ದೇಶದವೆಂದು ತೋರಿಸಬೇಕು, ಇಲ್ಲಿ ಎರಡರಲ್ಲಿ ಒಂದಿದ್ದರೂ ಸಾಕು.

ಇದು ದೂರದ ಮಾತೆಂದು ತಿಳಿಯಬೇಡಿ. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ 'ಸಿಫಿ' ಪ್ರಕರಣ ಮೊದಲು ದಾಖಲಾದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ; ಎದುರು ಪಕ್ಷದ ಹೆಸರಿನಲ್ಲಿ ಇಂಗ್ಲಿಷಿನ 'ಎಫ್' ಅಕ್ಷರ ಒಂದರ ಬದಲು ಎರಡಿತ್ತು, ಅಷ್ಟೇ ವ್ಯತ್ಯಾಸ. ಒಂದೇ ಮಧ್ಯಸ್ಥರಿರುವ ಯುಡಿಆರ್‌ಪಿ ದೂರಿಗೆ ವೈಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಪಡೆಯುವ ಶುಲ್ಕವೇ 1,500 ಡಾಲರ್ ಆದ್ದರಿಂದ, ಅದಕ್ಕಿಂತ ಸ್ವಲ್ಪ ಕಡಿಮೆ ಕೇಳಿದರೆ ಕೊಟ್ಟುಬಿಡುತ್ತಾರೆ ಎಂದು ಲೆಕ್ಕ ಹಾಕುವವರನ್ನೂ ಕಂಡಿದ್ದೇನೆ. ಆ ಲೆಕ್ಕವನ್ನು ಮಧ್ಯಸ್ಥರೂ ಬಲ್ಲರು. ಇಮೇಲ್‌ಗೆ ಸಿಟ್ಟಿನಿಂದ ಉತ್ತರಿಸದೆ, ಸ್ಥಳೀಯ ವಕೀಲರೊಬ್ಬರಿಗೆ ತೋರಿಸಿ.

ಉತ್ತರ 3: ಸಾಗರದ ಮನೆ

ನಾನು ಮಾರುವವಳಲ್ಲ, ಇಂಥ ಸಂದೇಶಗಳನ್ನು ಪಡೆಯುವವಳು. ನಮ್ಮ ಹೋಮ್‌ಸ್ಟೇ ಆರಂಭವಾದ ದಿನ ಫೇಸ್‌ಬುಕ್‌ನಲ್ಲಿ ಫೋಟೋ ಹಾಕಿದ್ದೆ. ನೆಂಟರಿಷ್ಟರ ಶುಭಾಶಯಗಳ ನಡುವೆ ಅಪರಿಚಿತರೊಬ್ಬರು, 'ನಿಮ್ಮ ಹೆಸರಿನ ಡಾಟ್ ಕಾಮ್ ನನ್ನ ಬಳಿ ಇದೆ, ಇನ್‌ಬಾಕ್ಸ್ ನೋಡಿ' ಎಂದು ಬರೆದರು. ಗೃಹಪ್ರವೇಶಕ್ಕೆ ಬಂದು ಹೊಸ್ತಿಲ ಮೇಲೆ ನಿಂತು ಸಾಲ ಕೇಳಿದ ಹಾಗಾಯಿತು. ಬೆಲೆ ಎಷ್ಟೆಂದು ಕೇಳಿದರೆ, 'ನಿಮ್ಮ ಬಜೆಟ್ ಎಷ್ಟು?' ಎಂದು ನನಗೇ ತಿರುಗಿ ಪ್ರಶ್ನೆ ಹಾಕಿದರು.

ಆದರೆ ನಾನು ಒಂದು ಹೆಸರನ್ನು ಕೊಂಡದ್ದೂ ಉಂಟು. ಮಲೆನಾಡಿನ ಪ್ರವಾಸಕ್ಕೆ ಹೊಂದುವ, ಯಾರ ಬ್ರ್ಯಾಂಡ್ ಕೂಡ ಅಲ್ಲದ ಸಾಮಾನ್ಯ ಪದಗಳ ಹೆಸರು ಅದು. ಮಾರಿದವರು ತಮ್ಮದೇ ಪುಟದಲ್ಲಿ, 'ಇದರ ಮಾಲೀಕ ನಾನೇ' ಎಂದು ತಿಳಿಸಿ, ₹9,500 ಎಂದು ಬೆಲೆಯನ್ನೂ ಬರೆದಿದ್ದರು. ನಾನು ವಿಚಾರಿಸಿದೆ, ಒಂದೇ ಉತ್ತರ ಬಂತು, ಯೋಚಿಸಿ ಹೇಳುತ್ತೇನೆಂದ ಮೇಲೆ ಹತ್ತು ದಿನ ಅವರು ಸುಮ್ಮನಿದ್ದರು. ನನ್ನನ್ನು ಕೊಳ್ಳುವಂತೆ ಮಾಡಿದ್ದು ಆ ಮೌನ ಎಂದೇ ಹೇಳಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮಸಾಲೆ ಪುಡಿಯ ಹೆಸರಿನ ವಿಷಯವಾಗಿ ನಾಳೆ ವಕೀಲರನ್ನು ಕಾಣುತ್ತೇನೆ. ಅದನ್ನು ಮಾರುವ ಆಸೆ ಬಿಟ್ಟಿದ್ದೇನೆ. ಗುಂಪಿನ ಅಡ್ಮಿನ್ ಅವರಿಗೆ ಕ್ಷಮೆ ಕೋರಿ ಸಂದೇಶ ಕಳುಹಿಸಿದ್ದೇನೆ, ಮತ್ತೆ ಸೇರಿಸಿ ಎಂದು ಕೇಳಿಲ್ಲ. ಮುಂದಿನ ಪೋಸ್ಟ್ ಹೀಗಿರುತ್ತದೆ: 'ಅಡಿಕೆ ವ್ಯಾಪಾರಕ್ಕೆ ಹೊಂದುವ ಒಂದು ಡಾಟ್ ಇನ್ ಹೆಸರು ನನ್ನಲ್ಲಿದೆ, ಮಾರಾಟಕ್ಕಿದೆ. ಬೆಲೆ ₹12,000. ಹಣವನ್ನು ಎಸ್ಕ್ರೋ (ವರ್ಗಾವಣೆ ಮುಗಿಯುವವರೆಗೆ ಹಣ ಇಟ್ಟುಕೊಳ್ಳುವ ಮಧ್ಯವರ್ತಿ ಸೇವೆ) ಮೂಲಕ ಕೊಡಬಹುದು. ಆಸಕ್ತರು ಸಂದೇಶ ಕಳುಹಿಸಿ.' ಇದಕ್ಕೆ ಏನಾದರೂ ಸೇರಿಸಬೇಕೇ?

ಹಳೇ ಕೈ

ಹೆಸರನ್ನೇ ಬರೆದಿಲ್ಲವಲ್ಲ! ಹೆಸರನ್ನು ಪೂರ್ತಿ ಬರೆಯಿರಿ, ಜೊತೆಗೆ ನವೀಕರಣದ ದಿನಾಂಕವನ್ನೂ ಹಾಕಿ. ಇನ್ನು 20 ದಿನಕ್ಕೆ ಅವಧಿ ಮುಗಿಯುವ ಹೆಸರೆಂದು ಹಣ ಕೊಟ್ಟ ಮೇಲೆ ಗೊತ್ತಾದರೆ, ಕೊಂಡವರು ಅದನ್ನೂ ಜಾಲತಾಣದಲ್ಲೇ ಬರೆಯುತ್ತಾರೆ. ಮಾರಾಟವಾದ ದಿನ ಪೋಸ್ಟ್‌ನಲ್ಲಿ 'ಮಾರಾಟವಾಗಿದೆ' ಎಂದು ತಿದ್ದುವುದನ್ನು ಮರೆಯಬೇಡಿ.