ಲೀನಿಯರ್ ಟ್ರ್ಯಾಕಿಂಗ್ ಟರ್ನ್‌ಟೇಬಲ್: ಒಂದೇ ಸಾಲು ಮತ್ತೆ ಮತ್ತೆ ಹಾಡುತ್ತಿದೆ, ರಿಪೇರಿಗೆ ಯೋಗ್ಯವೇ?

ಪ್ರಶ್ನೆ
ಎಂಬತ್ತರ ದಶಕದ ರೆಕಾರ್ಡ್ ಪ್ಲೇಯರ್, ಸೂಜಿ ಹಿಡಿದ ಆರ್ಮ್ ಕಮಾನಿನಂತೆ ತಿರುಗದೆ ನೇರ ಗೆರೆಯಲ್ಲಿ ಸಾಗುವಂಥದ್ದು, ಮುಚ್ಚಳದಲ್ಲೇ ಇದೆ, ಪಿ-ಮೌಂಟ್ ಕಾರ್ಟ್ರಿಜ್ (ಸೂಜಿ ಕೂರುವ, ಪ್ಲಗ್‌ನಂತೆ ಸಿಕ್ಕಿಸುವ ಭಾಗ). ಬಟನ್ ಒತ್ತಿದರೆ ಆರ್ಮ್ ಆ ಕಡೆ ಈ ಕಡೆ ಸಲೀಸಾಗಿ ಓಡುತ್ತದೆ. ಆದರೆ ಹಾಡು ಶುರುವಾಗಿ ಐದಾರು ನಿಮಿಷಕ್ಕೆ ಅದೇ ಸಾಲು ಮತ್ತೆ ಮತ್ತೆ. ರೆಕಾರ್ಡ್ ಬದಲಿಸಿದರೂ ಹಾಗೇ. ಸೂಜಿ ಹೊಸದು. ರಿಪೇರಿ ಮಾಡುವುದಾ, ಮಾಮೂಲಿ ಆರ್ಮ್‌ನದ್ದು ತಗೊಳ್ಳುವುದಾ?

ಉತ್ತರ 1
ಸೂಜಿಯದಲ್ಲ ತಪ್ಪು. ಬಟನ್ ಒತ್ತಿದಾಗ ಆರ್ಮ್ ನಡೆಸುವ ಮೋಟರ್‌ಗೆ ಹೆಚ್ಚು ವೋಲ್ಟೇಜ್ ಸಿಗುತ್ತದೆ, ಅಂಟುಗಟ್ಟಿದ ಗ್ರೀಸಿದ್ದರೂ ಎಳೆದುಕೊಂಡು ಹೋಗುತ್ತದೆ. ಹಾಡುವಾಗ ಲೆಕ್ಕ ಬೇರೆ. 20 ನಿಮಿಷದ ಒಂದು ಬದಿಗೆ ರೆಕಾರ್ಡ್ ಸುಮಾರು 667 ಸುತ್ತು ತಿರುಗುತ್ತದೆ, ಆರ್ಮ್ ಸಾಗುವುದು ಎಂಟೊಂಬತ್ತು ಸೆಂ.ಮೀ. ಸುತ್ತಿಗೆ ಹೆಚ್ಚುಕಡಿಮೆ 0.13 ಮಿ.ಮೀ. ಅಷ್ಟೇ! ಗ್ರೂವ್ (ರೆಕಾರ್ಡ್ ಮೇಲಿನ ಗೀರು) ಸೂಜಿಯನ್ನು ಒಳಗೆಳೆದಾಗ ಆರ್ಮ್ ಕೊಂಚ ಓರೆಯಾಗುತ್ತದೆ. ಬೆಳಕಿನ ಸೆನ್ಸರ್ ಅದನ್ನು ಹಿಡಿದು ಮೋಟರ್‌ಗೆ ಅಲ್ಪ ವೋಲ್ಟೇಜ್ ಕೊಡುತ್ತದೆ. ಆ ಮೋಟರ್‌ನ ಬೆಲ್ಟ್ ಜಾರಿದರೆ ಅಥವಾ ಗ್ರೀಸ್ ಗಟ್ಟಿಯಾಗಿದ್ದರೆ ಕ್ಯಾರೇಜ್ (ಆರ್ಮ್ ಹೊತ್ತು ಸಾಗುವ ಭಾಗ) ಹಿಂದೆಯೇ ಉಳಿಯುತ್ತದೆ, ಓರೆ ಹೆಚ್ಚುತ್ತಾ ಹೋಗಿ ಸೂಜಿ ಹಿಂದಿನ ಗ್ರೂವ್‌ಗೆ ಜಿಗಿಯುತ್ತದೆ.

ಪ್ಲಗ್ ಕಿತ್ತು, ಸೂಜಿಗೆ ಕವರ್ ಹಾಕಿ, ಆಮೇಲೆ ಮುಚ್ಚಳದ ಒಳಕವರ್ ಬಿಚ್ಚಿ. ಕ್ಯಾರೇಜ್ ಜಾರುವ ರಾಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ, ಬಟ್ಟೆಗೆ ಕಂದು ಹತ್ತುವುದು ನಿಲ್ಲುವ ತನಕ ಒರೆಸಿ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು, ಡಬ್ಲ್ಯುಡಿ-40 ಬೇಡ. ಪುಲ್ಲಿ ಒರೆಸಿ ಹೊಸ ಬೆಲ್ಟ್ ಹಾಕಿ. ತೀರಾ ಬಿಗಿಯಾದದ್ದು ಹಾಕಿದರೆ ಮೋಟರ್ ತಿಣುಕಿ ಇದೇ ಕಾಯಿಲೆ ಮರಳುತ್ತದೆ.

ಉತ್ತರ 2
ಸೆನ್ಸರ್ ಪಕ್ಕದ ಪ್ರಿಸೆಟ್ (ಹೊಂದಿಸುವ ಸಣ್ಣ ತಿರುಪು) ಮುಟ್ಟಬೇಡಿ. ಮೆಕ್ಯಾನಿಕಲ್ ಕೆಲಸ ಮುಗಿಯದೆ ಅದನ್ನು ತಿರುಗಿಸಿದರೆ ಎರಡು ದೋಷ ಆಗುತ್ತವೆ, ಒಂದಲ್ಲ.

ಉತ್ತರ 3
ಯೋಗ್ಯವೇ ಎಂದರೆ: ರೆಕಾರ್ಡ್ ಕೊರೆಯುವ ಲೇತ್ ನೇರವಾಗಿ ಸಾಗುತ್ತದೆ, ಈ ಆರ್ಮ್ ಕೂಡ. ಮಾಮೂಲಿ ಆರ್ಮನ್ನು ಒಳಕ್ಕೆ ಸೆಳೆಯುವ ಸ್ಕೇಟಿಂಗ್ ಎಳೆತವೂ ಇಲ್ಲ, ಅದೇ ನಿಜವಾದ ಲಾಭ. ಗ್ರೂವ್‌ನಲ್ಲಿ ಸೂಜಿ ಕೂರುವ ಕೋನದ ಲಾಭವನ್ನು ಮಾತ್ರ ಜನ ಉಬ್ಬಿಸುತ್ತಾರೆ; ಸರಿಯಾಗಿ ಹೊಂದಿಸಿದ 9 ಇಂಚಿನ ಮಾಮೂಲಿ ಆರ್ಮ್‌ನಲ್ಲೂ ತಪ್ಪು ಎರಡು ಡಿಗ್ರಿ ಆಸುಪಾಸು, ಎರಡು ಕಡೆ ಸೊನ್ನೆ.

1972ರ ಲೀನಿಯರ್ ಟ್ರ್ಯಾಕಿಂಗ್ ಟರ್ನ್‌ಟೇಬಲ್ ಬಿಯೋಗ್ರಾಮ್ 4000 ಕಾಲದಲ್ಲಿ ಇದು ದುಬಾರಿ ಎಂಜಿನಿಯರಿಂಗ್. ಸರ್ವೊ (ಆರ್ಮ್ ಜಾಗವನ್ನು ತಾನೇ ಸರಿಪಡಿಸುವ ವ್ಯವಸ್ಥೆ), ಸೆನ್ಸರ್, ಎರಡನೇ ಮೋಟರ್, ಎಲ್ಲಕ್ಕೂ ಖರ್ಚು. 1982ರಲ್ಲಿ ಸಿಡಿ ಬಂದ ಮೇಲೆ ಆ ಖರ್ಚು ಹಾಕುವವರು ಕಡಿಮೆಯಾದರು, ಪ್ಲಾಸ್ಟಿಕ್ ಮಾಡೆಲ್‌ಗಳು ಹೆಸರು ಕೆಡಿಸಿದವು. ವಿನೈಲ್ ಮರಳಿದಾಗ ಗೆದ್ದದ್ದು ಅಗ್ಗದ, ಅರ್ಧ ಇಂಚು ಅಂತರದ ಎರಡು ಸ್ಕ್ರೂಗಳ ಯಾವ ಕಾರ್ಟ್ರಿಜ್ ಬೇಕಾದರೂ ಕೂರುವ ಮಾಮೂಲಿ ಆರ್ಮ್.

ಉತ್ತರ 1
ಬಿಚ್ಚಿದಾಗ ಪ್ಲಾಸ್ಟಿಕ್ ಗೇರ್‌ಗಳನ್ನು ಟಾರ್ಚ್ ಹಿಡಿದು ನೋಡಿ. ಬಿರುಕಿದ್ದು, ಬಿಡಿಭಾಗ ಸಿಗದಿದ್ದರೆ ಬಿಟ್ಟುಬಿಡಿ. ಬೆಲ್ಟ್, ಗ್ರೀಸ್ ಮಾತ್ರವೇ ಆದರೆ ಖಂಡಿತ ಮಾಡಿ. ಪಿ-ಮೌಂಟ್‌ನಲ್ಲಿ ರೆಕಾರ್ಡ್ ಮೇಲೆ ಸೂಜಿಯ ಒತ್ತಡ 1.25 ಗ್ರಾಂಗೆ ನಿಗದಿ, ಸೂಜಿ ಹೊಂದಿಸುವ ತಲೆನೋವೂ ಇಲ್ಲ.