ತಿಂಗಳಿಗೆ 28,000 ರೂಪಾಯಿ: ಕಾರವಾರವೋ, ಕುಮಟಾವೋ, ಶಿರಸಿಯೋ?

ಕೇಳಿದವರು, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನನ್ನ ಯಜಮಾನರು ಬರುವ ಮಾರ್ಚ್‌ನಲ್ಲಿ ಖಾಸಗಿ ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗುತ್ತಾರೆ. ಉಳಿತಾಯದ ಬಡ್ಡಿಯೂ ನಾನು ಮನೆಯಲ್ಲೇ ಕುಳಿತು ಮಾಡುವ ಲೆಕ್ಕಪತ್ರದ ಕೆಲಸದ ಆದಾಯವೂ ಸೇರಿ ತಿಂಗಳಿಗೆ 28,000 ರೂಪಾಯಿ ಕೈಗೆ ಬರುತ್ತದೆ, ಅದರಲ್ಲಿ 16,000 ಬಾಡಿಗೆಗೇ ಹೋಗುತ್ತಿದೆ. ಜೊತೆಗೆ 76 ವರ್ಷದ ಅತ್ತೆಯವರಿದ್ದಾರೆ, ಅವರಿಗೆ ಹೃದಯದ ತೊಂದರೆಯಿದೆ. ಕಳೆದ ಡಿಸೆಂಬರ್‌ನಲ್ಲಿ ಗೋಕರ್ಣಕ್ಕೆ ಬಂದಿದ್ದಾಗ, ಇದೇ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲಾದರೂ ನೆಲೆಸಿಬಿಡೋಣ ಎಂದು ಮೂವರಿಗೂ ಅನ್ನಿಸಿತು. ಕಾರವಾರ, ಕುಮಟಾ, ಶಿರಸಿ ಈ ಮೂರರಲ್ಲಿ ನಮಗೆ ಯಾವುದು ಹೊಂದೀತು? ಜಾಗ ಕೊಂಡು ಸಣ್ಣ ಮನೆ ಕಟ್ಟಿಸುವ ಆಸೆಯೂ ಇದೆ. ಅಲ್ಲಿದ್ದು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ, ಕುಮಟಾದಿಂದ

ಪ್ರಶ್ನೆ ಕೇಳಿದ ಸಹೋದರಿಯವರಿಗೆ ನಮಸ್ಕಾರ. ಏಳು ವರ್ಷಗಳ ಹಿಂದೆ ನಾವೂ ನಿಮ್ಮ ಹಾಗೆಯೇ ಡಿಸೆಂಬರ್‌ನಲ್ಲಿ ಊರು ನೋಡಿ ಮರುಳಾದವರು. ಕಾರವಾರ ಮತ್ತು ಅಂಕೋಲಾದ ನಡುವೆ, ಕಡಲಿನಿಂದ ಕೂಗಳತೆಯ ದೂರದಲ್ಲಿದ್ದ ಒಂದು ಹೆಂಚಿನ ಮನೆಯನ್ನು 4,500 ರೂಪಾಯಿ ಬಾಡಿಗೆಗೆ ಹಿಡಿದೆವು. ಸುತ್ತ ತೆಂಗಿನ ಮರಗಳು, ಅಂಗಳದಲ್ಲಿ ಚಿರೇಕಲ್ಲು ಕಟ್ಟಿದ ಬಾವಿ, ಸಂಜೆಯಾದರೆ ಜಗಲಿಗೆ ಕಡಲ ಗಾಳಿ. ಇಷ್ಟು ಚೆಂದದ ಮನೆಯನ್ನು ಇಷ್ಟು ಅಗ್ಗಕ್ಕೆ ಏಕೆ ಕೊಡುತ್ತಿದ್ದಾರೆ ಎಂದು ನಾವು ಯಾರನ್ನೂ ಕೇಳಲಿಲ್ಲ.

ಉತ್ತರ ಏಪ್ರಿಲ್‌ನಲ್ಲಿ ತಾನಾಗಿಯೇ ಬಂತು. ಬೇಸಿಗೆಯಲ್ಲಿ ನೆಲದೊಳಗಿನ ಸಿಹಿನೀರು ಇಳಿದಂತೆ ಕಡಲಿನ ಉಪ್ಪುನೀರು ಒಳಕ್ಕೆ ಸರಿಯುತ್ತದೆ, ಹಾಗಾಗಿ ಡಿಸೆಂಬರ್‌ನಲ್ಲಿ ಎಳನೀರಿನಂತಿದ್ದ ಬಾವಿಯ ನೀರನ್ನು ಏಪ್ರಿಲ್‌ನಲ್ಲಿ ಬಾಯಿಗೆ ಹಾಕುವಂತಿರಲಿಲ್ಲ. ಎರಡು ತಿಂಗಳು ನೀರು ಕೊಂಡದ್ದಕ್ಕೆ, ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಕರಗಿತು. ಮಳೆ ಹಿಡಿದ ಮೇಲೆ ಇನ್ನೊಂದು ಕಾರಣವೂ ತಿಳಿಯಿತು. ಹೆದ್ದಾರಿಯಿಂದ ಮನೆಗೆ ಇದ್ದದ್ದು ಗದ್ದೆಯ ಅಂಚಿನ ಕಾಲುದಾರಿ ಮಾತ್ರ. ಜುಲೈನ ಒಂದು ರಾತ್ರಿ ಮಾವನವರಿಗೆ ಉಸಿರು ಕಟ್ಟಿದಾಗ, ಮೊಣಕಾಲುದ್ದದ ನೀರಿನಲ್ಲಿ ನಾಲ್ವರು ನೆರೆಯವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೆದ್ದಾರಿಯವರೆಗೆ ಹೊತ್ತು ತಂದರು. ಆ ನೆರೆಯವರ ಉಪಕಾರವನ್ನು ಮರೆಯಲಾರೆ, ಆದರೆ ಆ ಮನೆಯನ್ನು ಮಾತ್ರ ಅಕ್ಟೋಬರ್‌ನಲ್ಲಿ ಬಿಟ್ಟೆವು.

ಆದ್ದರಿಂದ ಊರು ಯಾವುದೆಂಬುದಕ್ಕಿಂತ ಮೊದಲು, ಈ ಮನೆ ಏಕೆ ಅಗ್ಗ ಎಂದು ಕೇಳಿ. ಮನೆಯನ್ನು ಏಪ್ರಿಲ್ ಕೊನೆಯಲ್ಲಿ ಅಥವಾ ಮೇ ತಿಂಗಳಲ್ಲಿ ಒಮ್ಮೆ ನೋಡಿ ಬಾವಿಯ ನೀರನ್ನು ಕುಡಿದು ನೋಡಬೇಕು. ಜುಲೈನಲ್ಲಿ ಇನ್ನೊಮ್ಮೆ ಹೋಗಿ ಗಾಡಿ ಬಾಗಿಲಿನವರೆಗೆ ಬರುತ್ತದೆಯೇ, ಗೋಡೆ ಎಷ್ಟು ಎತ್ತರದವರೆಗೆ ಒದ್ದೆ ಹೀರಿದೆ ಎಂದು ನೋಡಬೇಕು. ಯಜಮಾನರು ಮಾರ್ಚ್‌ನಲ್ಲಿ ನಿವೃತ್ತರಾದ ಕೂಡಲೇ ಸಾಮಾನು ಕಟ್ಟಿಕೊಂಡು ಹೊರಡುವ ಅವಸರ ಬೇಡ.

ಈಗ ನಾವು ಕುಮಟಾದ ಬಗ್ಗೋಣದ ಕಡೆ ಎರಡು ಕೋಣೆಯ ಮನೆಯಲ್ಲಿ 7,500 ರೂಪಾಯಿ ಬಾಡಿಗೆಗೆ ಇದ್ದೇವೆ. ದಿನಸಿ, ಹಾಲು, ತರಕಾರಿ, ಮೀನು ಸೇರಿ 9,500, ಅನಿಲ ಮತ್ತು ಇಂಟರ್ನೆಟ್‌ಗೆ 1,800, ಔಷಧಕ್ಕೆ 2,500, ಆಟೋ ಮತ್ತು ಬಸ್ಸಿಗೆ 1,200, ಒಟ್ಟು 22,500 ರೂಪಾಯಿಯ ಆಸುಪಾಸು. ಗೃಹಜ್ಯೋತಿಯಿಂದ ವಿದ್ಯುತ್ ಬಿಲ್ಲಿನ ಹೊರೆ ಇಲ್ಲ. ಶಕ್ತಿ ಯೋಜನೆಯಿಂದ ಮನೆಯವಳ ಬಸ್ ಖರ್ಚೂ ಉಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಬಂಗಡೆಯ ಬೆಲೆ ಕೇಳಿಯೇ ಹೊಟ್ಟೆ ತುಂಬುತ್ತದೆ, ಆಗ ಒಣಮೀನೇ ಗತಿ. ಬೇಸಿಗೆಯಲ್ಲಿ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಕುಮಟಾದ ಸಿಹಿ ಈರುಳ್ಳಿಯನ್ನು ಮಾತ್ರ ನಾವು ಲೆಕ್ಕ ನೋಡದೆ ಕೊಳ್ಳುತ್ತೇವೆ.

ಅತ್ತೆಯವರ ವಿಷಯ ಎಲ್ಲಕ್ಕಿಂತ ಮುಖ್ಯವಾದದ್ದು. ಹೃದಯದ ದೊಡ್ಡ ಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವೆಗೆ ಹೋಗುವುದು ಇಂದಿಗೂ ವಾಡಿಕೆ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಜನರು ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದರು. ನಾವು ಕುಮಟಾವನ್ನು ಆರಿಸಿಕೊಳ್ಳಲು ಕಾರಣ ಕೊಂಕಣ ರೈಲು. ನಿಲ್ದಾಣ ಪೇಟೆಗೆ ಹತ್ತಿರವಿದೆ, ಉಡುಪಿಯಲ್ಲಿ ಇಳಿದು ಮಣಿಪಾಲಕ್ಕೆ ತಪಾಸಣೆಗೆ ಹೋಗಿ ಅದೇ ದಿನ ಮರಳಬಹುದು.

ಉತ್ತರ, ಶಿರಸಿಯಿಂದ

ಕುಮಟಾದ ಮಹನೀಯರು ರೈಲನ್ನು ಹೊಗಳಿದ್ದು ಸರಿ. ನಮ್ಮ ಶಿರಸಿಗೆ ರೈಲು ಇಲ್ಲ. ಆದರೆ ಹೃದಯದ ರೋಗಿ ರಾತ್ರಿ ಹನ್ನೆರಡಕ್ಕೆ ರೈಲಿನ ವೇಳಾಪಟ್ಟಿ ನೋಡಿಕೊಂಡು ಆಸ್ಪತ್ರೆಗೆ ಹೋಗುವುದಿಲ್ಲ, ಆಂಬುಲೆನ್ಸ್‌ನಲ್ಲಿ ಹೋಗುತ್ತಾರೆ. ಶಿರಸಿಯಿಂದ ಮುಂಡಗೋಡದ ಮೇಲೆ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಆ ದಾರಿಯಲ್ಲಿ ಘಟ್ಟ ಇಳಿಯುವ ಕಷ್ಟವಿಲ್ಲ. ನನ್ನ ತಾಯಿಯವರನ್ನು ಎರಡು ಬಾರಿ ಹಾಗೆಯೇ ಕರೆದೊಯ್ದಿದ್ದೇನೆ. ಕುಮಟಾದ ಕಡೆಗೆ ಇಳಿಯುವ ದೇವಿಮನೆ ಘಟ್ಟದ ರಸ್ತೆಯನ್ನು ಮಾತ್ರ ಮಳೆಗಾಲದಲ್ಲಿ ನಂಬಿ ಕೂರುವಂತಿಲ್ಲ, ಗುಡ್ಡ ಕುಸಿದಾಗ ಸಂಚಾರವೇ ನಿಲ್ಲುತ್ತದೆ.

ಘಟ್ಟದ ಮೇಲಿನ ಊರಾದ್ದರಿಂದ ಕರಾವಳಿಯ ಬೆವರು ಇಲ್ಲಿಲ್ಲ, ವಯಸ್ಸಾದವರಿಗೆ ಮೇ ತಿಂಗಳೂ ಸಹ್ಯವಾಗಿರುತ್ತದೆ. ಮರಾಠಿಕೊಪ್ಪ, ಬನವಾಸಿ ರಸ್ತೆಯ ಕಡೆ 6,500ರಿಂದ 9,000 ರೂಪಾಯಿಯೊಳಗೆ ಮನೆಗಳು ಸಿಗುತ್ತವೆ. ತೋಟದ ನಡುವಿನ ಒಂಟಿಮನೆಯ ಆಸೆಗೆ ಮಾತ್ರ ಬೀಳಬೇಡಿ. ಮರ ಬಿದ್ದು ಕರೆಂಟ್ ಹೋದರೆ ಪೇಟೆಯಲ್ಲಿ ಗಂಟೆಗಳ ಮಾತು, ಹಳ್ಳಿಯಲ್ಲಿ ದಿನಗಳ ಮಾತು, ನಿಮ್ಮದೋ ಕಂಪ್ಯೂಟರಿನ ಕೆಲಸ. ಸಿದ್ದಾಪುರದ ಕಡೆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆಯ ಭಯವೂ ಇದೆ. ಇನ್ನು, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ನಿಮ್ಮ ಬೆಂಗಳೂರಿನ ನೆಂಟರೆಲ್ಲ ಬಂದಿಳಿಯುತ್ತಾರೆ, ಅದನ್ನೂ ಖರ್ಚಿಗೆ ಹಿಡಿದುಕೊಳ್ಳಿ.

ಉತ್ತರ, ಕಾರವಾರದಿಂದ

ಕಾರವಾರದ ಪರವಾಗಿ ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತಿದ್ದೇನೆ. ಅರ್ಗಾದ ನೌಕಾನೆಲೆ ಮತ್ತು ಕೈಗಾದ ಅಣುಸ್ಥಾವರದ ನೌಕರರಿಂದಾಗಿ ಇಲ್ಲಿ ಬಾಡಿಗೆ ಹೆಚ್ಚು ಎಂಬುದು ನಿಜ. ಕಾಜುಬಾಗ, ಕೋಡಿಬಾಗದ ಕಡೆ 10,000ಕ್ಕಿಂತ ಕಡಿಮೆಗೆ ಒಳ್ಳೆಯ ಮನೆ ನನಗೆ ಸಿಗಲಿಲ್ಲ, ಸುಂಕೇರಿಯಲ್ಲಿ 8,000ಕ್ಕೆ ಸಿಕ್ಕಿತು. ಆದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಊರೊಳಗೇ ಇದೆ, ತುರ್ತಿನಲ್ಲಿ ಮೊದಲ ಅರ್ಧ ಗಂಟೆಗೆ ಅದರ ಬೆಲೆ ತಿಳಿಯುತ್ತದೆ. ಬೆಂಗಳೂರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಇಳಿಸುತ್ತದೆ, ರೈಲು ನಿಲ್ದಾಣ ಮಾತ್ರ ಊರ ಹೊರಗೆ ಶಿರವಾಡದಲ್ಲಿದೆ. ರವಿವಾರದ ಸಂತೆಯಲ್ಲಿ ವಾರದ ತರಕಾರಿ ಅಗ್ಗವಾಗಿ ಸಿಗುತ್ತದೆ. ಮನೆಮಾತು ಬಹುತೇಕ ಕೊಂಕಣಿಯಾದರೂ ಕನ್ನಡದಲ್ಲಿ ಮಾತನಾಡಿದರೆ ಯಾರೂ ಬೇಸರಿಸುವುದಿಲ್ಲ.

ಒಂದು ಎಚ್ಚರಿಕೆ ಹೇಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಹಲವು ದಿನ ಮುಚ್ಚಿತ್ತು. ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿದ್ದಿತು. ಹೊಳೆಯಾಚೆಯ ಸದಾಶಿವಗಡದ ಕಡೆ ಬಾಡಿಗೆ ಕಡಿಮೆ ಎಂದು ಯಾರಾದರೂ ಹೇಳಿದರೆ, ಆಸ್ಪತ್ರೆ ಹೊಳೆಯ ಈಚೆ ಇದೆ ಎಂಬುದನ್ನು ನೆನಪಿಡಿ.

ಉತ್ತರ, ಕಂದಾಯ ಇಲಾಖೆಯಿಂದ ನಿವೃತ್ತರಾದವರೊಬ್ಬರಿಂದ

ಜಾಗ ಕೊಳ್ಳುವ ಆಸೆಯ ಬಗ್ಗೆ ಇತರರು ಬರೆದಿಲ್ಲ, ಅದನ್ನಷ್ಟೇ ಹೇಳುತ್ತೇನೆ. ಈ ಜಿಲ್ಲೆಯ ಬಹುಪಾಲು ಅರಣ್ಯ. ಅಗ್ಗದ ಜಾಗವೆಂದು ತೋರಿಸುವುದರಲ್ಲಿ ಎಷ್ಟೋ ಅತಿಕ್ರಮಣದ ಜಾಗಗಳು, ತಲೆಮಾರುಗಳಿಂದ ಅಲ್ಲಿ ಮನೆಯಿದ್ದರೂ ಹಕ್ಕುಪತ್ರವಿರುವುದಿಲ್ಲ. ಘಟ್ಟದ ಮೇಲೆ ಬೆಟ್ಟದ ಜಾಗವನ್ನು ತೋರಿಸುವವರೂ ಇದ್ದಾರೆ; ಬೆಟ್ಟವೆಂಬುದು ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಕೊಟ್ಟ ಸೌಲಭ್ಯವೇ ಹೊರತು ಮನೆ ಕಟ್ಟುವ ಮಾಲ್ಕಿ (ಸ್ವಂತ ಹಕ್ಕಿನ) ಜಮೀನಲ್ಲ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಆದರೆ ಅದರಲ್ಲಿ ಮನೆ ಕಟ್ಟಲು ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಜಮೀನೆಂದು ಪರಿವರ್ತನೆ, ಆಗಿರಬೇಕು. ಕಡಲ ತೀರದಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿರ್ಬಂಧವಿದೆ. ಅಂಕೋಲಾದಲ್ಲಿ ಕೊಳ್ಳುವುದಾದರೆ ಅಲಗೇರಿಯ ವಿಮಾನ ನಿಲ್ದಾಣ ಮತ್ತು ಕೇಣಿಯ ಬಂದರು ಯೋಜನೆಗಳ ವ್ಯಾಪ್ತಿಗೆ ಆ ಸರ್ವೆ ನಂಬರು ಬರುತ್ತದೆಯೇ ಎಂದು ಮೊದಲು ವಿಚಾರಿಸಿ. ಪಹಣಿ ಮತ್ತು ಇ-ಸ್ವತ್ತು (ಪಂಚಾಯಿತಿಯ ಆಸ್ತಿ ದಾಖಲೆ) ನೋಡದೆ ಮುಂಗಡ ಕೊಡಬೇಡಿ. ನಿಮ್ಮ ಆದಾಯಕ್ಕೆ ಎರಡು ವರ್ಷ ಬಾಡಿಗೆಯೇ ಲೇಸು ಎಂಬುದು ನನ್ನ ಅಭಿಪ್ರಾಯ.

ಕೇಳಿದವರು, ಮತ್ತೆ

ಎಲ್ಲರಿಗೂ ಧನ್ಯವಾದಗಳು. ಜಾಗದ ವಿಚಾರವನ್ನು ಸದ್ಯಕ್ಕೆ ಬಿಟ್ಟೆವು. ಮೇ ಮೊದಲ ವಾರ ಕುಮಟಾ ಮತ್ತು ಶಿರಸಿಗೆ ಬಂದು ಮನೆ ನೋಡುತ್ತೇವೆ, ಜುಲೈನಲ್ಲಿ ದಾರಿ ನೋಡಲು ಮತ್ತೆ ಬರುತ್ತೇವೆ. ಹುಬ್ಬಳ್ಳಿಯ ದಾರಿಯ ಮಾತು ಕೇಳಿದ ಮೇಲೆ ಅತ್ತೆಯವರು ಶಿರಸಿಯ ಕಡೆ ವಾಲಿದ್ದಾರೆ, ಯಜಮಾನರು ಇನ್ನೂ ಕಡಲನ್ನು ಬಿಟ್ಟಿಲ್ಲ. ಒಂದು ಚಿಕ್ಕ ಪ್ರಶ್ನೆ: ಮನೆಯ ಸಾಮಾನನ್ನೆಲ್ಲ ತರಬೇಕೇ?

ಉತ್ತರ, ಕುಮಟಾದಿಂದ

ಮರದ ಮಂಚವನ್ನು ತನ್ನಿ. ಪ್ಲೈವುಡ್ಡಿನ ಕಪಾಟುಗಳಿದ್ದರೆ ಅಲ್ಲೇ ಮಾರಿಬಿಡಿ, ಕುಮಟಾವಾದರೂ ಶಿರಸಿಯಾದರೂ ಒಂದು ಮಳೆಗಾಲದಲ್ಲಿ ಅವು ಬೂಷ್ಟು ಹಿಡಿದು ಉಬ್ಬುತ್ತವೆ. ಆ ಹಣವನ್ನು ಇನ್ವರ್ಟರಿಗೆ ಇಟ್ಟುಕೊಳ್ಳಿ.